ಅರ್ಧ ಪಟದ ಅವಾಂತರಗಳು

ಮಹಾರಾಜರ ಕಾಲದಲ್ಲಿ ನಂಜನಗೂಡಿನಲ್ಲಿ ಪಟ ತೆಗೆದು ಹೊಟ್ಟೆ ಹೊರೆದವನು ನಾನು. ಮೂರು ಕಾಲಿನ ಮೇಲೆ ಕ್ಯಾಮೆರಾ ಪೆಟ್ಟಿಗೆ ಇಟ್ಟು ಕರಿ ಬಟ್ಟೆಯೊಳಗೆ ತಲೆ ತೂರಿಸಿದರೆ ಸಾಕು, ಯಾರಾದರೊಬ್ಬರು ಬಂದು ಪಿಸುಗುಟ್ಟೋರು: "ಇದು ಬರಲಿ, ಅದು ಬೇಡ." ಅಯ್ಯೋ, ಬೇಡ ಅಂತ ಬಿಟ್ಟದ್ದೇ ಆಮೇಲೆ ಕೊರಳಿಗೆ ಸುತ್ತಿಕೊಳ್ಳೋದು!

೧. ಶೇಕ್ದಾರರ ಛತ್ರ

ಬಿಳಿಗೆರೆ ಕಡೆ ಒಬ್ಬ ಶೇಕ್ದಾರರಿದ್ದರು, ಕಂದಾಯದ ಅಧಿಕಾರಿ, ಹೋಬಳಿಗೆಲ್ಲ ಅವರೇ ಧಣಿ. ಅಲ್ಲೊಂದು ಹಳೇ ಛತ್ರ ಅರ್ಧ ಬಿದ್ದುಹೋಗಿತ್ತು. ರಿಪೇರಿ ಕೇಳೋದಕ್ಕೆ ಮೇಲಿನವರಿಗೆ ಅದರ ಪಟ ಕಳಿಸಬೇಕು ಅಂತ ನನ್ನನ್ನು ಕರೆಸಿದರು. ನೋಡಿದರೆ ತಾವೇ ಜರಿಪೇಟ ಸುತ್ತಿ, ನೆಟ್ಟಗಿದ್ದ ಬಾಗಿಲ ಮುಂದೆ ನಿಂತುಬಿಟ್ಟಿದ್ದಾರೆ! "ಆ ಬಿದ್ದ ಗೋಡೆ, ಅಲ್ಲಿ ಕಟ್ಟಿರೋ ಎಮ್ಮೆ, ಯಾವುದೂ ಬರಬಾರದು ಕಣಯ್ಯಾ. ಮರ್ಯಾದೆ ಪ್ರಶ್ನೆ."

ಹಾಗೇ ತೆಗೆದೆ. ಛತ್ರ ಅರಮನೆ ಥರ ಬಂತು. ಮೇಲಿನವರು ನೋಡಿ, "ಇಷ್ಟು ಚೆನ್ನಾಗಿರೋದಕ್ಕೆ ರಿಪೇರಿ ಯಾಕ್ರೀ?" ಅಂದರಂತೆ. ಮತ್ತೆ ಬುಲಾವು ಬಂತು. ಹೋಗಿ, "ಎಲ್ಲಿ ನಿಲ್ತೀರಿ ಸ್ವಾಮಿ?" ಅಂದೆ.

"ಈ ಸಲ ನಾನು ಬೇಡಪ್ಪಾ, ಆ ಎಮ್ಮೆ ನಿಲ್ಲಿಸು!"

೨. ಬಾಗಿಲ ಮರೆಯ ಅಜ್ಜಿ

ನಮ್ಮ ಬೀದಿಯ ಅಜ್ಜನಿಗೊಂದು ಪಟ ಬೇಕಾಗಿತ್ತು. ಪಾಪ, ಕತ್ತು ನಡುಗೋದು. ಅಲ್ಲಾಡಿದರೆ ಮುಖವೆಲ್ಲ ಮಸಕು. ಅಜ್ಜಿ ಪಕ್ಕದಲ್ಲಿ ಕೂತು ಕತ್ತು ಹಿಡಿದುಕೊಳ್ಳಲಿ ಅಂದೆ. ಅಳಿಯಂದಿರೆಲ್ಲ ನೋಡ್ತಾ ನಿಂತಿದ್ದರು. "ಅಳೀಂದ್ರ ಎದುರ್ಗೆ ಗಂಡನ್ ಸರಿಸಮ ಕೂತ್ಕಳಾದಾ? ಥೂ, ನಾಚ್ಕೆಗೇಡು!" ಅಂದಳು ಅಜ್ಜಿ. ಕೊನೆಗೆ ಬಾಗಿಲ ಮರೆಯಲ್ಲಿ ನಿಂತು ಅಜ್ಜನ ಕತ್ತಿನ ಹಿಂದಕ್ಕೆ ಕೈ ಮಾತ್ರ ಚಾಚಿದಳು. ಕೈ ಬರದ ಹಾಗೆ ತೆಗೀತೀನಿ ಅಂತ ಮಾತು ಕೊಟ್ಟಿದ್ದೆ.

ಬಂದ ಪಟ ನೋಡಿ ನನ್ನ ಜೀವ ಹಾರಿಹೋಯಿತು. ಬಳೆ ಸಮೇತ ಕೈ ಬಂದಿದೆ, ಅದೂ ಅಜ್ಜನ ಕಿವಿ ಹಿಡಿದುಕೊಂಡು! ಅಜ್ಜ ಮಾತ್ರ ಬೊಚ್ಚುಬಾಯಿ ತುಂಬ ನಕ್ಕ.

"ಮದ್ವೆ ಆದಾಗಿಂದ ಇಂಗೇ ಇಡ್ಕಂಡವ್ಳೆ ಕಣಪ್ಪಾ. ಪಟ ಸರಿಯಾಗೇ ಬಂದದೆ!"

೩. ನರಸೀಪುರದ ಗಂಡು

ಇದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗ್ತೀನಿ. ನರಸೀಪುರದ ಗೌಡರೊಬ್ಬರ ಮಗ ಚಿನ್ನದಂಥ ಹುಡುಗ, ಒಂದು ಕಾಲು ಕುಂಟು. ಅದರಿಂದಲೇ ಬಂದ ಸಂಬಂಧವೆಲ್ಲ ತಪ್ಪಿಹೋಗಿ, ಅವನು ನಾಲ್ಕು ಜನರ ಎದುರಿಗೆ ಎದ್ದು ನಡೆಯೋದನ್ನೇ ಬಿಟ್ಟಿದ್ದ. ಸಂಕಟ ಆಗೋದು ನೋಡೋಕೆ. ಹೆಡತಲೆ ಅನ್ನೋ ಊರಿನಿಂದ ಹೆಣ್ಣಿನ ಕಡೆಯವರು ಪಟ ಕೇಳಿದರು. ಗೌಡರು ನನ್ನ ಎರಡೂ ಕೈ ಹಿಡಿದುಕೊಂಡು, "ಸೊಂಟದಿಂದ ಮ್ಯಾಕೆ ಇಡೀರಿ ಸಾ. ಇದೂ ತಪ್ಪೋದ್ರೆ ನನ್ ಮಗ ಒಂಟಿಯಾಗೇ ಉಳ್ಕತಾನೆ" ಅಂದರು. ಹಾಗೇ ತೆಗೆದುಕೊಟ್ಟೆ.

ಹೆಣ್ಣಿನ ಅಜ್ಜಿ ಪಟವನ್ನು ತಿರುಗಿಸಿ ಮುರುಗಿಸಿ ನೋಡಿ ಎದೆ ಬಡಿದುಕೊಂಡಳಂತೆ: "ಅಯ್ಯಯ್ಯೋ, ಉಡ್ಗನ್ಗೆ ಕಾಲೇ ಇಲ್ವಲ್ಲವ್ವಾ!" ಊರೆಲ್ಲ ಅದೇ ಸುದ್ದಿ. ಮುಖ ಒಪ್ಪಿದ್ದರೂ ಸಂಬಂಧ ಬೇಡ ಅಂತ ಹೇಳಿಕಳಿಸಿದರು.

ಹುಡುಗನಿಗೆ ರೋಷ ಉಕ್ಕಿತು. "ಕುಂಟ ಅನ್ಲಿ, ತಡ್ಕತೀನಿ. ಕಾಲೇ ಇಲ್ಲ ಅಂದ್ರೆ?" ಗಾಡಿ ಕಟ್ಟಿಸಿ, ಅಪ್ಪನನ್ನೂ ನನ್ನನ್ನೂ ಎಳೆದುಕೊಂಡು ಹೆಡತಲೆಗೆ ಹೊರಟ. ಊರ ಬಾಗಿಲಲ್ಲೇ ಇಳಿದು, ಬೀದಿ ಉದ್ದಕ್ಕೂ ಎಲ್ಲರೂ ನೋಡುವಂತೆ ಕುಂಟುತ್ತಾ ನಡೆದ. ಇನ್ನು ಮುಗೀತು ಅಂದುಕೊಂಡೆ. ಜಗಲಿಯಿಂದ ಆ ಅಜ್ಜಿ ಓಡಿಬಂದು, ಪಂಚೆ ಸರಿಸಿ ನೋಡಿ ಕೂಗಿದಳು: "ಎಲ್ಡೂ ಅವೆ ಕಣವ್ವಾ! ಎಲ್ಡೂ ಅವೆ!" ಮನೆಯವರಿಗೆಲ್ಲ ಹೋದ ಜೀವ ಬಂತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಡುಗಿ ನಕ್ಕುಬಿಟ್ಟಳು. ಕುಂಟಿನ ಮಾತು ಯಾರೂ ಎತ್ತಲಿಲ್ಲ. ಅವತ್ತೇ ತಾಂಬೂಲ ಬದಲಾಯಿಸಿದರು.

ಧಾರೆಯಾದ ಮೇಲೆ ಗಂಡು ಹೆಣ್ಣು ಇಬ್ಬರನ್ನೂ ನಿಲ್ಲಿಸಿ, "ಎಲ್ಲಿಂದ ಎಲ್ಲಿಗೆ ಹಿಡೀಲಿ?" ಅಂದೆ. ತಲೆ ತಗ್ಗಿಸಿದ್ದ ಮದುವಣಗಿತ್ತಿ ಸೆರಗಿನೊಳಗಿಂದಲೇ ಅಂದಳು:

"ನಮ್ ಮುಕ ಬರ್ದಿದ್ರೂ ಚಿಂತಿಲ್ಲ ಸಾ, ಇವ್ರ ಕಾಲು ಬರ್ಲಿ. ಊರೋರ್ಗೆ ತೋರಿಸ್ಬೇಕು!"