ಜೊತೆಗೆ ಯಾರು ಬಂದಿದ್ದಾರೆ?

ಬೋಳು ತಲೆಯ ಹೆಂಗಸೊಬ್ಬಳು ಬಸ್ಸಿನಲ್ಲಿ ಒಬ್ಬಳೇ ಓಡಾಡಿದರೆ ಏನಾದರೊಂದು ಆಗದೆ ಇರುವುದಿಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೆ.ಆರ್.ಪುರದಿಂದ ಶಿವಾಜಿನಗರಕ್ಕೆ ಬಸ್ಸು, ಅಲ್ಲಿಂದ ಆಸ್ಪತ್ರೆಗೆ ಆಟೊ. ಕ್ಯಾನ್ಸರಿಗೆ ಕಿಮೊ ಕೊಡುತ್ತಿದ್ದ ಡಾಕ್ಟರು ಮೊದಲೇ ಹೇಳಿದ್ದರು: "ಬಾಯಿಗೆ ಮಾಸ್ಕ್ ಹಾಕ್ಕೊಳ್ಳಿ, ಜನರಿಂದ ದೂರ ಕೂತ್ಕೊಳ್ಳಿ, ಹೊರಗಡೆ ನೀರು ಕುಡೀಬೇಡಿ, ಒಬ್ರೇ ಬರ್ಬೇಡಿ."

ಕೊನೆಯದೊಂದೇ ಕಷ್ಟ. ನನಗೆ ಮದುವೆಯಾಗಿರಲಿಲ್ಲ, ಅಮ್ಮ ತೀರಿಕೊಂಡಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಗೆಲ್ಲ ಲೈನು ಕೊಟ್ಟವಳು ನಾನು, ನನಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ಹೋದಾಗಲೆಲ್ಲ ನರ್ಸಮ್ಮ "ಜೊತೆಗೆ ಯಾರು ಬಂದಿದ್ದಾರೆ?" ಎನ್ನುತ್ತಿದ್ದರು. ನಾನು "ಯಾರೂ ಇಲ್ಲ" ಎನ್ನುತ್ತಿದ್ದೆ. ಒಂದು ದಿನ ಅವರಿಗೂ ರೇಗಿತು. "ಮುಂದಿನ ಸಲ ಒಬ್ರೇ ಬಂದ್ರೆ ವಾಪಸ್ ಕಳಿಸ್ತೀನಿ ನೋಡಿ!"

ಖಾಲಿ ಸೀಟು

ಆಗಿನ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಬಸ್ಸು ಹತ್ತುವವರನ್ನು ಯಾರು ನೋಡಿದ್ದರು? ನಾನು ಕೂತಕೂಡಲೇ ಪಕ್ಕದವರು ಎದ್ದರು. ಡಾಕ್ಟರು ಹೇಳಿದ ದೂರ ಸಲೀಸಾಗಿ ಸಿಕ್ಕಿತು. ಅಷ್ಟು ಜನರ ನಡುವೆ ಒಬ್ಬಳೇ ಕೂತು ಕಿಟಕಿ ನೋಡುವಾಗ ಅಳು ಬಂತು.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಬ್ಬರು ಅಜ್ಜಿ ಹತ್ತಿದರು. ಕಾಲು ನೋವೆಂದು ನರಳುತ್ತ ಕಂಬಿಗೆ ಜೋತುಬಿದ್ದರು. ಕಂಡಕ್ಟರು ನನ್ನ ಪಕ್ಕ ತೋರಿಸಿ, "ಸೀಟು ಖಾಲಿ ಇದೆಯಲ್ಲಜ್ಜಿ, ಕೂತ್ಕೊ" ಎಂದರು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾಲು ನೋವು ಕಣಪ್ಪ, ಪ್ರಾಣ ಬೇಜಾರಾಗಿಲ್ಲ."

ತಿಮ್ಮಪ್ಪನ ಲಾಡು

ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ ಗಾಳಿಗೆ ತಲೆಯ ಮೇಲಿನ ಸ್ಕಾರ್ಫು ಜಾರಿತು. ಹೂ ಮಾರುವಾಕೆಯ ಮುಖ ಅರಳಿತು. "ತಿರುಪ್ತಿಗೆ ಹೋಗಿದ್ರಾ ಅಕ್ಕ? ದರ್ಶನ ಚೆನ್ನಾಗಾಯ್ತಾ?"

ಯಾರಾದರೂ ನನ್ನನ್ನು ಮಾತಾಡಿಸಿ ಎಷ್ಟು ದಿನವಾಗಿತ್ತೋ. "ಚೆನ್ನಾಗಾಯ್ತು" ಎಂದುಬಿಟ್ಟೆ.

"ಲಾಡು ಎಲ್ಲಿ?"

"ಮುಗಿದೋಯ್ತಮ್ಮ."

ಮುಂದಿನ ಕಿಮೊಗೆ ಸ್ಕಾರ್ಫು ಕಟ್ಟದೆ ಹೋಗುವಾಗ ಆಕೆ ದೂರದಿಂದಲೇ ನನ್ನ ತಲೆ ನೋಡಿ ಕೂಗಿದಳು: "ಮತ್ತೆ ಹೋಗ್ಬಂದ್ರಾ! ಈ ಸಲಾನೂ ಎಲ್ಲಾ ಲಾಡು ಒಬ್ರೇ ತಿಂದ್ರಾ?"

ಗಾಡಿ ಹತ್ತದವರು

ನರ್ಸಮ್ಮ ಗದರಿದ ಮೇಲಿನ ಸರದಿ ಬಂತು. ಆಗೆಲ್ಲ ನನ್ನ ಮೈಗೆ ಹಿತವಾಗುತ್ತಿದ್ದದ್ದು ಅಮ್ಮನ ಬಿಳಿ ಕಾಟನ್ ಸೀರೆಯೊಂದೇ. ಅದನ್ನೇ ಉಟ್ಟು, ಮಾಸ್ಕ್ ಕಟ್ಟಿ, ವಾಪಸ್ ಕಳಿಸಿದರೆ ಏನು ಗತಿ ಎಂದುಕೊಳ್ಳುತ್ತ ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹತ್ತಿರ ಆಟೊ ನಿಲ್ಲಿಸಿದೆ. ಅವನು "ಮೀಟರ್ ಮೇಲೆ ಒನ್ ಅಂಡ್ ಹಾಫ್" ಎಂದ. ಅಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಯ ಸೇಟು ಹೆಂಡತಿಯ ಜೊತೆ ಓಡಿಬಂದು ನನಗೆ ಕೈ ಮುಗಿದರು. ಆಟೊದವನಿಗೆ, "ಏಯ್, ಇವರು ಗಾಡಿ ಹತ್ತಲ್ಲ! ನಡೆದೇ ಹೋಗೋರು!" ಎಂದು ಗದರಿದರು. ಅವನೂ ಕೈ ಮುಗಿದು ಹೊರಟೇಹೋದ.

ಬಿಳಿ ಸೀರೆ, ಬೋಳು ತಲೆ, ಬಾಯಿಗೆ ಬಟ್ಟೆ. ನನ್ನನ್ನು ಜೈನ ಸಾಧ್ವಿ ಎಂದುಕೊಂಡಿದ್ದರು. ಸಾಧ್ವಿಯರು ಹೊರಟರೆ ಭಕ್ತರು ಜೊತೆಗೆ ನಡೆಯುವುದು ಅವರ ಪದ್ಧತಿ. ನಿಜ ಹೇಳೋಣವೆಂದರೆ ಬಾಯಿ ಬರಲಿಲ್ಲ. ನನ್ನ ಜೊತೆ ಇಬ್ಬರು ಬರುತ್ತಿದ್ದರಲ್ಲ!

ನಿಧಾನವಾಗಿ ನಡೆದೆ. ಸುಸ್ತಾಗಿ ನಿಂತಾಗ ಸೇಟರ ಹೆಂಡತಿ ನನ್ನ ಕೈ ಹಿಡಿದರು. ಸಾಧ್ವಿ ಮಹಾರಾಜ್ ರೋಗಿಗಳನ್ನು ನೋಡಲು ಬಂದಿದ್ದಾರೆಂದು ಹೇಳಿ ಸೇಟು ಆಸ್ಪತ್ರೆಯ ವಾಚ್‌ಮನ್ನನಿಂದಲೂ ಕೈ ಮುಗಿಸಿ, ಹೊರಗಿನ ಬೆಂಚಿನ ಮೇಲೆ ಕುಸಿದರು. ಆಕೆ ನನ್ನ ಜೊತೆ ಒಳಗೆ ಬಂದರು.

"ಜೊತೆಗೆ ಯಾರು ಬಂದಿದ್ದಾರೆ?"

"ನಾನಿದೀನಿ" ಎಂದರು ಆಕೆ.

ಡ್ರಿಪ್ ಹಾಕಿದ ಮೇಲೆ ನನಗೆ ತಡೆಯಲಾಗಲಿಲ್ಲ. "ನಾನು ಸಾಧ್ವಿ ಅಲ್ಲಮ್ಮ."

"ಗೊತ್ತು. ಸಾಧ್ವಿಯರು ಬರಿಗಾಲಲ್ಲಿ ನಡೀತಾರೆ. ನಿಮ್ಮ ಹವಾಯಿ ಚಪ್ಪಲಿ ನಾನು ಆಗ್ಲೇ ನೋಡ್ದೆ."

"ಮತ್ತೆ ಯಾಕೆ ಬಂದ್ರಿ?"

"ನೀವು ಒಬ್ರೇ ಇದ್ರಲ್ಲ." ಆಮೇಲೆ ಕಿಟಕಿಯಾಚೆ ಬೆವರು ಒರೆಸಿಕೊಳ್ಳುತ್ತಿದ್ದ ಗಂಡನನ್ನು ನೋಡಿ ಕಿವಿಯ ಹತ್ತಿರ ಬಗ್ಗಿದರು. "ಅವರಿಗೆ ಶುಗರ್. ವಾಕಿಂಗ್ ಹೋಗಿ ಅಂತ ಬಡ್ಕೊಂಡ್ರೂ ಅಂಗಡಿ ಗಾದಿ ಬಿಟ್ಟು ಏಳಲ್ಲ. ಇವತ್ತು ನಿಮ್ಮ ಹಿಂದೆ ಹೆಂಗೆ ನಡೆದ್ರು ನೋಡಿದ್ರಲ್ಲ? ಅವರಿಗೆ ಮಾತ್ರ ಹೇಳ್ಬೇಡಿ. ಮುಂದಿನ ಸಲಾನೂ ಬಿಳಿ ಸೀರೇನೇ ಉಟ್ಕೊಂಡು ಬನ್ನಿ, ಬಸ್‌ಸ್ಟ್ಯಾಂಡಲ್ಲಿ ಕಾಯ್ತಿರ್ತೀವಿ. ಆದ್ರೆ ಆ ಚಪ್ಪಲಿ ಸ್ವಲ್ಪ ಸೀರೆ ಒಳಗೆ ಮುಚ್ಕೊಳ್ಳಿ!"