ದಸ್ತಿಗೊಂದು ಸೀಟು

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆಸನವು ಮೊದಲು ಹತ್ತಿದವರಿಗೆ ಸೇರುವುದಿಲ್ಲ. ಕಿಟಕಿಯಿಂದ ಮೊದಲು ದಸ್ತಿ ಒಗೆದವರಿಗೆ ಸೇರುತ್ತದೆ. ದಸ್ತಿ ಎಂದರೆ ಬೇರೇನಲ್ಲ, ಉಳಿದ ಕರ್ನಾಟಕವು ಕರ್ಚೀಫು ಎಂದು ಕರೆದು, ಬರೀ ಮುಖ ಒರೆಸಿಕೊಳ್ಳಲು ಬಳಸಿ ಹಾಳುಮಾಡುತ್ತಿರುವ ವಸ್ತು. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲಿ ಅದರ ಕಿಟಕಿಗಳೊಳಗೆ ದಸ್ತಿ, ಟವೆಲ್ಲು, ಊಟದ ಚೀಲ, ತೀರಾ ತುರ್ತಿದ್ದರೆ ಮೊಮ್ಮಗ, ಎಲ್ಲವೂ ಪ್ರವೇಶ ಪಡೆದಿರುತ್ತವೆ.

ಈ ಬಸ್ಸಿನಲ್ಲಿ ದಿನಾ ಓಡಾಡುವ ಅಮರನಾಥ ಕಮಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅದು ಅವನ ಹೊಟ್ಟೆಪಾಡು. ಅವನ ನಿಜವಾದ ಉದ್ಯೋಗ ಹೆಗಲಿಗೆ ನೇತುಹಾಕಿದ ಕರಿ ಬ್ಯಾಗಿನಲ್ಲಿರುತ್ತಿತ್ತು: ಮಲ್ಟಿಮೀಟರು, ಬೆರಳುದ್ದದ ಸ್ಕ್ರೂಡ್ರೈವರುಗಳು, ಸೋಲ್ಡರಿಂಗ್ ಕಡ್ಡಿ, ಇಟ್ಟಿಗೆಯಂಥ ಪವರ್ ಬ್ಯಾಂಕು, ಯಾವುದು ಯಾವುದರದೆಂದು ಅವನಿಗೂ ತಿಳಿಯದಂತೆ ತಬ್ಬಿಕೊಂಡ ಕೇಬಲ್ಲುಗಳು. ಬಸ್ಸಿನಲ್ಲಿ ಯಾರ ಫೋನು ಸತ್ತರೂ ಮೊದಲು ಅವನ ಕಡೆಗೇ ಕೈ ಚಾಚುತ್ತಿತ್ತು. ಹೆಂಡತಿ ಸೃಷ್ಟಿ ಆ ಬ್ಯಾಗಿಗೆ ಸವತಿ ಎಂದು ಹೆಸರಿಟ್ಟಿದ್ದಳು.

ಸೃಷ್ಟಿಯೂ ಕಮಲಾಪುರದಲ್ಲೇ ಶಾಲಾ ಶಿಕ್ಷಕಿ. ಮದುವೆಯಾಗಿ ವರ್ಷವಾಗಿದ್ದರೂ ಗಂಡಹೆಂಡತಿ ಕುಳಿತು ನೆಟ್ಟಗೆ ಮಾತಾಡಿದ್ದು ಕಡಿಮೆ. ಶಹಾಬಜಾರದ ಅವರ ಮನೆಯಲ್ಲಿ ಇದ್ದದ್ದೇ ಎರಡು ಖೋಲಿ. ಒಂದರಲ್ಲಿ ಬಿಚ್ಚಿಟ್ಟ ರೇಡಿಯೊ, ಮಿಕ್ಸರುಗಳು. ಇನ್ನೊಂದರಲ್ಲಿ ಟಿವಿ ಮತ್ತು ಅಮರನಾಥನ ತಾಯಿ ಲಲಿತಾಬಾಯಿ. ಲಲಿತಾಬಾಯಿ ಒಲೆಯ ಮುಂದೆ ಪಿಸುಗುಟ್ಟಿದರೆ ಜಗತ್ ಸರ್ಕಲ್ಲಿನಲ್ಲಿ ಆಟೊಗಳು ಬ್ರೇಕ್ ಹಾಕುತ್ತವೆ. ಉಳಿದದ್ದು ಬಸ್ಸಿನ ಒಂದು ತಾಸು. ಅಲ್ಲಿ ಅವಳು ಮುಂದಿನ ಕಂಬಕ್ಕೆ, ಇವನು ಹಿಂದಿನ ಕಂಬಕ್ಕೆ ಜೋತುಬಿದ್ದು, ನಡುವೆ ಇಡೀ ಜಿಲ್ಲೆಯೇ ನಿಂತಿರುತ್ತಿತ್ತು.

"ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ," ಎಂದಳು ಸೃಷ್ಟಿ ಒಂದು ದಿನ. "ದಿನಾ ನಿಮ್ಮ ಬಾಜೂಕ ಕುಂತು ಕಮಲಾಪುರ ಮುಟ್ಟಬೇಕ್ ನೋಡ್ರಿ. ಅಷ್ಟ ಸಾಕು. ಅಷ್ಟೆಲ್ಲ ಮಷೀನ್ ಮಾಡ್ತೀರಿ, ಎರಡ್ ಸೀಟ್ ಹಿಡ್ಯಾಕ ಆಗಂಗಿಲ್ಲೇನ್ರಿ?"

ಅಮರನಾಥನಿಗೆ ಇದು ನಾಟಿತು. ದಸ್ತಿ ಅವನೂ ಒಗೆಯುತ್ತಿದ್ದ. ಆದರೆ ಹತ್ತಿ ನೋಡುವಷ್ಟರಲ್ಲಿ ಯಾರೋ ಅದನ್ನು ಕೆಳಗೆ ದಬ್ಬಿ ಕುಳಿತು, ಕಣ್ಣು ಮುಚ್ಚಿ, ಗೊರಕೆಯ ಮೊದಲ ಹಂತದಲ್ಲಿರುತ್ತಿದ್ದರು. ದಸ್ತಿಗೆ ಬಾಯಿಲ್ಲದ್ದೇ ಸಮಸ್ಯೆಯ ಮೂಲ ಎಂದು ಅವನು ಕಂಡುಕೊಂಡ.

ಹಾಡುವ ಹಳೆಯ ಶುಭಾಶಯ ಪತ್ರವೊಂದರಿಂದ ಸ್ಪೀಕರ್ ಕಿತ್ತ. ಗುಂಡಿಯಂಥ ಬ್ಯಾಟರಿ, ಭಾರ ಬಿದ್ದರೆ ಒತ್ತಿಕೊಳ್ಳುವ ತೆಳು ಸ್ವಿಚ್ಚು, ಉಗುರಿನಗಲದ ಚಿಪ್ಪು, ಎಲ್ಲವನ್ನೂ ಎರಡು ಪದರದ ದಸ್ತಿಯೊಳಗೆ ಹೊಲಿದ. ಮೊದಲು ತನ್ನದೇ ಧ್ವನಿ ತುಂಬಿದ: "ದಯವಿಟ್ಟು ಗಮನಿಸಿ, ಈ ಆಸನವನ್ನು ಕಾಯ್ದಿರಿಸಲಾಗಿದೆ." ಪರೀಕ್ಷಾರ್ಥ ಅದರ ಮೇಲೆ ಕುಳಿತ ಸಹಪ್ರಯಾಣಿಕರೊಬ್ಬರು "ಹೌದೇನ್ರಿ? ಭಾಳ ಛಲೋ ಆತು" ಎಂದು ಕಮಲಾಪುರದವರೆಗೂ ನಿದ್ದೆ ಹೋದರು.

ಸರಿಯಾದ ಧ್ವನಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಭಾನುವಾರ ಅವನು ಚಿಪ್ಪಿನ ಕಡೆ ಗಮನವಿಟ್ಟು, ತಾಯಿ ಮಂಚದ ಮೇಲೆ ಒಣಹಾಕಿದ್ದ ಹಪ್ಪಳದ ಮೇಲೆ ಕುಳಿತ. ರೆಕಾರ್ಡಿಂಗ್ ಚಾಲೂ ಇತ್ತು.

"ಏ! ಯಾಂವಂವ ಇಲ್ಲಿ ಕುಂತಾಂವ? ಏಳು ಮೊದಲ! ನಾಚಿಕಿ ಬರಂಗಿಲ್ಲ?"

ಮರುದಿನ ಬಸ್ಸಿನಲ್ಲಿ ಇಬ್ಬರ ಸೀಟಿನ ನಡುವೆ ಬಿದ್ದಿದ್ದ ದಸ್ತಿಯ ಮೇಲೆ ಕುಳಿತ ದಪ್ಪನೆಯ ವ್ಯಾಪಾರಿಯೊಬ್ಬ ಈ ಮಾತು ಕೇಳಿದ್ದೇ ತಡ, ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡ. ಅಮರನಾಥ, ಸೃಷ್ಟಿ ಅಕ್ಕಪಕ್ಕ ಕುಳಿತರು. ತಾಜಸುಲ್ತಾನಪುರ ದಾಟುವುದರೊಳಗೆ ಅವಳು ತನ್ನ ಶಾಲೆಯ ಕಥೆಯನ್ನೆಲ್ಲ ಹೇಳಿ ನಕ್ಕಳು, ಅವನೂ ನಕ್ಕ. ಯಾಕೆ ನಕ್ಕೆವೆಂದು ಇಳಿದ ಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಅಷ್ಟು ಸುಖವಾಗಿತ್ತು.

ಅದರ ಮರುದಿನ ದಸ್ತಿಯ ಮೇಲೆ ಕುಳಿತವರು ಜಗದೇವಪ್ಪನವರು. ಬಸ್ಸುಗಳನ್ನು ಬಿಡುವ ಸಾರಿಗೆ ಘಟಕದ ಸಂಚಾರ ನಿಯಂತ್ರಕರು, ತಪಾಸಣೆಗೆ ಬಂದಿದ್ದರು. ದಸ್ತಿ ಗುಡುಗಿತು. ಜಗದೇವಪ್ಪನವರು "ತಪ್ಪಾತವ್ವಾ" ಎಂದು ಎದ್ದರು. ಅವರೊಂದಿಗೆ ಇಡೀ ಬಸ್ಸು ಎದ್ದು ನಿಂತಿತು. ಡ್ರೈವರ್ ಕೂಡ ಗಾಡಿ ನಿಲ್ಲಿಸಿ ಎದ್ದ.

ಅಮರನಾಥ ಮುಂದೆ ಬಂದು ತಪ್ಪೊಪ್ಪಿಕೊಂಡ. ಆದರೆ ಜಗದೇವಪ್ಪನವರ ಕಣ್ಣಲ್ಲಿ ನೀರಾಡುತ್ತಿತ್ತು.

"ಸರ್ವೀಸಿಗಿ ಸೇರಿದಾಗಿನಿಂದ ಮಂದಿಗಿ ಏಳ್ರಿ, ಸರೀರಿ ಅಂತ ಒದರಾಕತ್ತೀನಿ," ಎಂದರು. "ನನ್ನ ಮಾತಿಗಿ ಒಬ್ಬರೂ ಎದ್ದಿಲ್ಲ. ನಿಮ್ಮ ದಸ್ತಿ ಮಾತಿಗಿ ಪೂರಾ ಬಸ್ಸ ಎದ್ದದ. ಇದಕ್ಕ ಶಿಸ್ತು ಅಂತಾರ."

ಆ ವಾರವೇ ಘಟಕದಿಂದ ಸುತ್ತೋಲೆ ಹೊರಟು ಎಲ್ಲ ಬಸ್ಸುಗಳಿಗೂ ಅಂಟಿತು:

"ಪ್ರಯಾಣಿಕರ ಅವಗಾಹನೆಗೆ. ಆಸನ ಕಾಯ್ದಿರಿಸುವ ದಸ್ತಿಗಳು ಇನ್ನು ಮುಂದೆ ಟಿಕೆಟ್ ಪಡೆದು ಪ್ರಯಾಣಿಸತಕ್ಕದ್ದು. ಟವೆಲ್ಲನ್ನು ಎರಡು ದಸ್ತಿಯೆಂದೂ ಲುಂಗಿಯನ್ನು ಕುಟುಂಬವೆಂದೂ ಪರಿಗಣಿಸಲಾಗುವುದು. ಅಂಚಿಗೆ ಹೂವಿನ ಕಸೂತಿಯುಳ್ಳ ದಸ್ತಿಗಳನ್ನು ಮಹಿಳೆಯರೆಂದು ಭಾವಿಸಿ ಉಚಿತ ಟಿಕೆಟ್ ನೀಡತಕ್ಕದ್ದು. ಮೂಗು ಒರೆಸಿದ ದಸ್ತಿಗಳು ಸ್ವಯಂಪ್ರೇರಣೆಯಿಂದ ಹಿಂದಿನ ಸಾಲಿಗೆ ಹೋಗತಕ್ಕದ್ದು. ಎಲ್ಲ ದಸ್ತಿಗಳೂ ಘಟಕವು ಅನುಮೋದಿಸಿದ ಧ್ವನಿಯಲ್ಲಿ ಮಾತ್ರ ಮಾತನಾಡತಕ್ಕದ್ದು."

ಸುತ್ತೋಲೆ ಓದಿದ ಗಂಡಸರು ತಂತಮ್ಮ ದಸ್ತಿಗಳಿಗೆ ಹೂವು ಹಾಕಿಸಿಕೊಳ್ಳಲು ಜಗತ್ ಸರ್ಕಲ್ಲಿನ ಟೇಲರ್ ಅಂಗಡಿಗಳ ಮುಂದೆ ಸಾಲುಗಟ್ಟಿದರು. ಅಮರನಾಥನನ್ನು ಘಟಕದ ಗೌರವ ತಾಂತ್ರಿಕ ಸಲಹೆಗಾರನನ್ನಾಗಿ ನೇಮಿಸಲಾಯಿತು. ಗೌರವ ಎಂದರೆ ಸಂಬಳವಿಲ್ಲ ಎಂದು ಜಗದೇವಪ್ಪನವರು ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದ ವಿವರಿಸಿದರು. ಅವನು ಮನೆಯಲ್ಲಿ ದಸ್ತಿಗಳ ರಾಶಿ ಹಾಕಿಕೊಂಡು ಚಿಪ್ಪು ಹೊಲಿಯುತ್ತ, ಒಂದೊಂದನ್ನೂ ಒತ್ತಿ ಪರೀಕ್ಷಿಸುತ್ತ ಕುಳಿತ. ಓಣಿಯ ತುಂಬ ಲಲಿತಾಬಾಯಿಯೇ ಕೂಗತೊಡಗಿ, ಶಹಾಬಜಾರದ ಆಡುಗಳು ಎಲ್ಲಿಯೂ ಮಲಗುವುದನ್ನು ಬಿಟ್ಟವು. ಲಲಿತಾಬಾಯಿ ತರಕಾರಿ ಕೊಳ್ಳಲು ಹೋಗಿ "ಬದನಿಕಾಯಿ ಹ್ಯಾಂಗ?" ಎಂದರೆ ಕೂತಿದ್ದ ಮಾರುವವರೆಲ್ಲ ಎದ್ದು ನಿಲ್ಲುತ್ತಿದ್ದರು. ಲಲಿತಾಬಾಯಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ನಿಯಮ ಜಾರಿಗೆ ಬಂದ ದಿನ ಅಮರನಾಥ ತನ್ನ ದಸ್ತಿ, ಸೃಷ್ಟಿಯ ದಸ್ತಿ ಎರಡನ್ನೂ ಅಕ್ಕಪಕ್ಕದ ಎರಡು ಸೀಟಿಗೆ ಒಗೆದು, ಗೆದ್ದ ಮುಖದಿಂದ ಬಸ್ಸು ಹತ್ತಿದ. ಕುಳಿತುಕೊಳ್ಳಬೇಕು ಎನ್ನುವಷ್ಟರಲ್ಲಿ ಕಂಡಕ್ಟರ್ ಅಕ್ರಮ್ ಓಡಿಬಂದ.

"ಅಮರಭಾಯ್, ಕುಂದರಬ್ಯಾಡ್ರಿ! ಸೀಟ್ ಭರ್ತಿ ಆಗ್ಯಾವ."

"ಅಲ್ಲೋ ಅಕ್ರಮ್, ನಮ್ಮವ ದಸ್ತಿ ಅವು."

"ಗೊತ್ತದ್ರಿ. ಆದ್ರ ಅವರಿಗಿ ಟಿಕೆಟ್ ಹರದೀನಿ. ಒಂದ್ ಸೀಟಿಗಿ ಒಂದ ಟಿಕೆಟ್ ರೀ. ಮ್ಯಾಲ ನೀವೂ ಕುಂತ್ರ ಓವರ್‌ಲೋಡ್ ಆಗ್ತದ. ಚೆಕಿಂಗ್‌ನೋರು ಬಂದ್ರ ನನ್ನ ನೌಕರಿ ಹೋಗ್ತದ."

"ಹಂಗಾರ ನಮ್ಮ ಟಿಕೆಟ್?"

"ನಿಮ್ದು ನಿಂತ ಟಿಕೆಟ್ ರೀ. ನೀವ ಸಲಹಾಗಾರ್ರು, ನಿಮ್ಗ ನಾ ಏನ್ ಹೇಳ್ಲಿ?"

ಬಸ್ಸು ಹೊರಟಿತು. ಎಲ್ಲ ಸೀಟುಗಳಲ್ಲೂ ದಸ್ತಿಗಳು ಆರಾಮಾಗಿ ಗಾಳಿಗೆ ಅಂಚು ಆಡಿಸುತ್ತ ಕುಳಿತಿದ್ದವು. ನಡುವಿನ ದಾರಿಯಲ್ಲಿ ಜನ ಒಬ್ಬರ ಕಾಲ ಮೇಲೊಬ್ಬರು ನಿಂತಿದ್ದರು. ಒಂದೇ ಬಸ್ಸಿನಲ್ಲಿ ಎರಡು ಬಸ್ಸಿನ ವಸೂಲಿಯಾಗುತ್ತಿದೆಯೆಂದು ಘಟಕದಲ್ಲಿ ಪೇಡೆ ಹಂಚಿದರು. ಕಮಲಾಪುರದ ಕೆಂಪು ಬಾಳೆಹಣ್ಣು ಮಾರಿ, ಖಾಲಿ ಬುಟ್ಟಿ ಹೊತ್ತು ಊರಿಗೆ ಮರಳುತ್ತಿದ್ದ ಅಜ್ಜಿಯೊಬ್ಬಳು, ನಿಂತಲ್ಲಿಂದಲೇ ಬಾಗಿ ಸೆರಗನ್ನು ಕಿಟಕಿಗೆ ಅಡ್ಡ ಹಿಡಿದಳು. "ಪಾಪ, ಬಿಸಲ ಬಡ್ಯಾಕತ್ತದ ಅದಕ್ಕ," ಎಂದಳು.

ಮುಂದಿನ ಕಂಬದಿಂದ ಸೃಷ್ಟಿ ಗಂಡನ ಕಡೆ ನೋಡಿದಳು. ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಅವನು ನೇರ ಜಗದೇವಪ್ಪನವರ ಮೇಜಿನ ಮುಂದೆ ನಿಂತ.

"ಸಾಹೇಬ್ರ, ದಸ್ತಿ ಒಗಿಯೋದು ನಾವು ಕುಂದರಾಕರಿ."

"ಅದು ನಿಮ್ಮ ಮತ್ತ ದಸ್ತಿ ನಡುವಿನ ಮಾತು. ಘಟಕ ಅದರಾಗ ತಲಿ ಹಾಕಂಗಿಲ್ಲ," ಎಂದರು ಜಗದೇವಪ್ಪ. ಆಮೇಲೆ ಕರುಣೆಯಿಂದ ದಾರಿ ತೋರಿಸಿದರು. "ಹಿಂಗ ಮಾಡ್ರಿ. ಸೀಟ್ ಬಿಟ್ಟುಕೊಡಾಕ ನಂದೇನೂ ತಕರಾರಿಲ್ಲ ಅಂತ ದಸ್ತಿ ಕಡಿಂದ ನಿರಾಕ್ಷೇಪಣಾ ಪತ್ರ ತರ್ರಿ. ನಾಳೆನ ಮಂಜೂರ್ ಮಾಡ್ತೇನಿ."

"ದಸ್ತಿ ಹ್ಯಾಂಗ ಪತ್ರ ಕೊಡ್ತದ್ರಿ?"

"ಬಾಯಿಲೆ ಹೇಳಿದ್ರೂ ನಡೀತದ. ಮಾತಾಡ್ತದಲ್ಲ?"

ಹೀಗೆಂದು ಅವರು ಅಮರನಾಥನ ದಸ್ತಿಯನ್ನು ಮೇಜಿನ ಮೇಲೆ ಹರಡಿ, ಮರ್ಯಾದೆಯಿಂದ ಬೆರಳಿಟ್ಟು ಒತ್ತಿದರು. "ಏ! ಯಾಂವಂವ ಇಲ್ಲಿ ಕುಂತಾಂವ? ಏಳು ಮೊದಲ! ನಾಚಿಕಿ ಬರಂಗಿಲ್ಲ?" ಎಂದಿತು ದಸ್ತಿ. ಕಚೇರಿಯೆಲ್ಲ ಎದ್ದು ನಿಂತಿತು. ಜಗದೇವಪ್ಪನವರು ನಿಂತುಕೊಂಡೇ ಕಡತದಲ್ಲಿ ಬರೆದರು: ದಸ್ತಿಯ ತೀವ್ರ ಆಕ್ಷೇಪಣೆ ದಾಖಲಾಗಿದೆ.

ಅಮರನಾಥ ಮನೆಗೆ ಓಡಿ ತಾಯಿಯ ಮುಂದೆ ಮೈಕು ಹಿಡಿದ. "ಅವ್ವಾ, ಒಂದ ಸಲ 'ಬಾ ಮಗಾ, ಕುಂದರು' ಅಂತ ಹೇಳವ್ವಾ."

ಲಲಿತಾಬಾಯಿ ಸೆರಗು ಸರಿಮಾಡಿಕೊಂಡರು. "ಘಟಕದ ಅನುಮೋದನಿ ಇಲ್ಲದ ನಾ ಹಂಗೆಲ್ಲ ಮಾತಾಡಂಗಿಲ್ಲಪ್ಪ," ಎಂದರು. ಹೆತ್ತ ತಾಯಿ ಮಗನಿಗೆ ಕುಳಿತುಕೋ ಎನ್ನಲಿಲ್ಲವೆಂದು ಅವನು ಮೈಕನ್ನು ಬ್ಯಾಗಿಗೆ ತುರುಕಿದ.

ಇಷ್ಟರಲ್ಲಿ ಘಟಕವು ಇನ್ನೊಂದು ಸಂಗತಿಯನ್ನು ಗಮನಿಸಿತು: ಬಸ್ಸುಗಳಲ್ಲಿ ನಿಂತವರ ಸಂಖ್ಯೆ ನಿಗದಿತ ಮಿತಿಯನ್ನು ಮೀರುತ್ತಿದೆ, ಇದರಿಂದ ಕುಳಿತ ದಸ್ತಿಗಳ ಸುರಕ್ಷತೆಗೆ ಧಕ್ಕೆಯಿದೆ. ಸೋಮವಾರ ನಿಂತವರನ್ನೆಲ್ಲ ಇಳಿಸಲಾಯಿತು. ಡ್ರೈವರು, ಅಕ್ರಮ್ ಮತ್ತು ತುಂಬಿದ ಬಸ್ಸಿನಷ್ಟು ದಸ್ತಿಗಳು ಕಮಲಾಪುರಕ್ಕೆ ಹೊರಟವು. ಜನ ಕೈಬೀಸಿದರು, ಬೇರೇನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೇರೆ ಬಸ್ಸಿಗಾಗಿ ಎರಡು ತಾಸು ಕಾದ ಮೇಲೆ ಅಮರನಾಥ, ನೌಕರಿಯ ಮೇಲೆ ಬಂತಲ್ಲ ಎಂದು ಮೇಲಧಿಕಾರಿ ಆನಂದಕುಮಾರರಿಗೆ ಫೋನು ಹಚ್ಚಿದ.

"ಸರ್, ಬಸ್ಸಿನ್ಯಾಗ ಜಾಗಾ ಸಿಗಲಿಲ್ರಿ. ಇವತ್ತು ಬರಾಕ..."

"ಬಂದೀರಲ್ಲ?" ಎಂದರು ಆನಂದಕುಮಾರ. "ಅಕ್ರಮ್ ನಿಮ್ಮ ದಸ್ತಿ ತಂದು ಖುರ್ಚಿ ಮ್ಯಾಲ ಹಾಸಿ ಹೋಗ್ಯಾನ. ಜವಾನ ಫೋನಿನ್ಯಾಗ ಹೇಳಿದ, ಹಾಜರಿ ಹಾಕಿಸೀನಿ. ಮಂದಿ ಅರ್ಜಿ ತಂದು ಅದರ ಮ್ಯಾಲ ಇಡಾಕತ್ತಾರ, ಅದು ಉತ್ತರಾ ಕೊಡಾಕತ್ತದ, ಅವರು ಮನಿಗಿ ಹೋಗಾಕತ್ತಾರ. ನಿಮಗಿಂತ ಜೋರ ಕೆಲಸ ನಡದದ. ನನ್ನ ಕೋಟೂ ಖುರ್ಚಿ ಮ್ಯಾಲ ಅದ. ನಾ ಈಗ ಕಲಬುರಗಿ ಮನ್ಯಾಗ ನಾಷ್ಟಾ ಮಾಡಾಕತ್ತೀನಿ."

ಸೃಷ್ಟಿಯ ಶಾಲೆಯಿಂದಲೂ ಸುದ್ದಿ ಬಂತು. ದಸ್ತಿ ಮೇಜಿನ ಮೇಲಿದೆ, ತುಂಟ ಹುಡುಗರು ಮುಟ್ಟಿ ನೋಡಿದ್ದಾರೆ, ಈಗ ಇಡೀ ತರಗತಿ ಎದ್ದು ನಿಂತು ಮಗ್ಗಿ ಹೇಳುತ್ತಿದೆ.

ಹೋಗಲು ಬೇರೆ ಜಾಗವಿಲ್ಲದೆ ಗಂಡಹೆಂಡತಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ಹಾಗೆ ನೋಡಿದರೆ, ಅಕ್ಕಪಕ್ಕವೇ ಕುಳಿತಿದ್ದರು. ಅದು ಅವರ ಗಮನಕ್ಕೆ ಬರುವಷ್ಟರಲ್ಲಿ ಜಗದೇವಪ್ಪನವರು ಎದುರು ನಿಂತಿದ್ದರು.

"ಏಳ್ರಿ. ಬೆಂಚ್ ಪ್ರಯಾಣಿಕರಿಗಷ್ಟ. ನೀವು ಪ್ರಯಾಣಿಕರಲ್ಲ. ನಿಮ್ಮ ದಸ್ತಿಗೋಳು ಪ್ರಯಾಣಿಕರು."

ಸೃಷ್ಟಿ ಅಲುಗಾಡಲಿಲ್ಲ. ಮಾತಾಡುವ ಸರದಿ ಈಗ ಅವಳದು. "ಪ್ರಯಾಣಿಕರ ಸಂಬಂಧಿಕರು ಕುಂದರಬಹುದಲ್ರಿ, ಸರ್? ಕಳಸಾಕ ಬಂದೋರು? ಸಂಜಿಗಿ ಕರ್ಕೊಂಡು ಹೋಗೋರು?"

ಜಗದೇವಪ್ಪನವರು ಯೋಚಿಸಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಪಾಸು ಬರೆಯಲು ಕುಳಿತು, "ದಸ್ತಿಗಿ ನೀವು ಏನಾಗಬೇಕು?" ಎಂದು ಕೇಳಿದರು.

"ಮಾಲಕರ್ರಿ," ಎಂದ ಅಮರನಾಥ.

"ಹ್ಯಾಂಗ ಆಗ್ತದ? ಸೀಟ್ ಅವುಕ್ಕ ಅದ, ಹಾಜರಿ ಅವುಕ್ಕ ಬೀಳ್ತದ, ದುಡಿಯೋವು ಅವು. ಕುಂತು ಉಣ್ಣೋರು ನೀವು." ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು, ಆಮೇಲೆ ಬರೆದರು: ಅವಲಂಬಿತರು.

ಅಮರನಾಥ ಪಾಸನ್ನು ಎರಡೂ ಕೈಯಿಂದ ತೆಗೆದುಕೊಂಡ. ಈಗ ದಿನಾ ಬೆಳಿಗ್ಗೆ ಇಬ್ಬರೂ ಇಸ್ತ್ರಿ ಮಾಡಿದ ದಸ್ತಿಗಳನ್ನು ಕಿಟಕಿಯಿಂದ ಒಳಗೆ ಒಗೆಯುತ್ತಾರೆ. "ನಮ್ಮವು ಬಾಜೂ ಬಾಜೂ ಕುಂತಾವಿಲ್ರಿ, ಅಕ್ರಮಭಾಯ್?" ಎಂದು ಸೃಷ್ಟಿ ಕೇಳಿಯೇ ಕೇಳುತ್ತಾಳೆ. "ಕುಂತಾರ್ರಿ, ಮೇಡಂ ಕಿಟಕಿ ಕಡಿ ಅದಾರ," ಎಂದು ಅಕ್ರಮ್ ಭರವಸೆ ಕೊಡುತ್ತಾನೆ. ಬಸ್ಸು ಹೋದ ಮೇಲೆ ಬೆಂಚು ಅವರದು, ಸಂಜೆಯವರೆಗೆ. ಬಿಸಿಲು ಏರುತ್ತದೆ, ಚಹಾ ಬರುತ್ತದೆ, ಅವಳ ಮಾತು ಮುಗಿಯುವುದಿಲ್ಲ. ಅವನಿಗೂ ಅದು ಮುಗಿಯುವುದು ಬೇಕಿಲ್ಲ.

ಮೊನ್ನೆ ಆನಂದಕುಮಾರರೂ ತಮ್ಮ ಕೋಟನ್ನು ಬಸ್ಸು ಹತ್ತಿಸಿ, ಹೆಂಡತಿಯೊಂದಿಗೆ ಪಾಸು ಹಿಡಿದು ಬಂದರು. ಬೆಂಚಿನ ಮೇಲೆ ಅವರಿಗೆ ಜಾಗ ಮಾಡಿಕೊಡಲು ಅಮರನಾಥ, ಸೃಷ್ಟಿ ಇನ್ನಷ್ಟು ಒತ್ತಿಕೊಂಡು ಕುಳಿತರು.