ಭಟ್ಟರ ಚೀಲ ಸೇರಿದ ಮಂಡಿನೋವು

ಈ ಸಲದ ಸತ್ಯನಾರಾಯಣ ಪೂಜೆಗೆ ನಾನು ಕುರ್ಚಿ ಮುಟ್ಟುವುದಿಲ್ಲ! ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ, ಪೂರಾ ಎರಡು ಗಂಟೆ, ನಮ್ಮೂರು ಫ್ಲೋರಲ್ ಪಾರ್ಕಿನ ಸಮಸ್ತ ಕನ್ನಡಿಗರೆದುರು ಕೂತು ತೋರಿಸುತ್ತೇನೆ! ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದೆ.

“ಕೂರೋದೇನೋ ಕೂರ್ತೀರಿ. ಎಬ್ಬಿಸೋಕೆ ಯಾರನ್ನ ಕರೀಲಿ?” ಎಂದಳು ಹೆಂಡತಿ ನಿರುಪಮಾ.

ನನ್ನ ಧೈರ್ಯದ ಮೂಲ ಪಕ್ಕದ ಮನೆಯ ಮಿಸೆಸ್ ಗ್ಯಾಲಗರ್. ಐರ್ಲೆಂಡಿನಲ್ಲಿ ಹುಟ್ಟಿದ ಎಂಬತ್ತೆರಡರ ಅಜ್ಜಿ. ಮನೆ ಮುಂದಿನ ಸ್ನೋ ಈಗಲೂ ತಾವೇ ಎತ್ತಿಹಾಕುತ್ತಾರೆ. ನಾನು ಮಂಡಿನೋವಿನಿಂದ ಕುಂಟುವುದನ್ನು ಬೇಲಿಯಾಚೆಯಿಂದ ನೋಡಿ ತಮ್ಮೂರಿನ ಮದ್ದು ಹೇಳಿದ್ದರು: “ಜೇಬಲ್ಲಿ ಒಂದು ಹಸಿ ಆಲೂಗಡ್ಡೆ ಇಟ್ಕೊಂಡು ಓಡಾಡು. ನೋವನ್ನೆಲ್ಲ ಹೀರಿ ಅದು ಕಲ್ಲಾಗುತ್ತೆ. ಆದರೆ ಯಾರಿಗೂ ಕೊಟ್ಟೀಯ, ಹುಷಾರ್! ನೋವೂ ಅವರಿಗೇ ಹೋಗುತ್ತೆ.”

ಮೂರು ವಾರ ಆ ಆಲೂಗಡ್ಡೆ ನನ್ನ ಜೊತೆ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿತು. ಸುಕ್ಕಾಯಿತು, ಕಪ್ಪಾಯಿತು. ನೋವೂ ಇಳಿದಂತಿತ್ತು!

ಪೂಜೆಯ ದಿನ ಹೊಸ ತೊಡಕು. ಪಂಚೆಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಥೆಯ ಐದೂ ಅಧ್ಯಾಯ ನೆಲದ ಮೇಲೇ ಮುಗಿಸಿದೆ! ಆ ಜಂಬದಲ್ಲಿ ಸಾಷ್ಟಾಂಗ ಹಾಕಿದೆ ನೋಡಿ, ಆಲೂಗಡ್ಡೆ ಜಾರಿ ಉರುಳಿತು. ಪುರೋಹಿತರಾದ ಶಂಕರನಾರಾಯಣ ಭಟ್ಟರಿಗೆ ದಾನ ಕೊಡಲು ಅಕ್ಕಿ, ಬೇಳೆ, ತರಕಾರಿ ಜೋಡಿಸಿಟ್ಟ ತಟ್ಟೆಯ ಪಕ್ಕದಲ್ಲಿ ನಿಂತಿತು.

“ಅಯ್ಯೋ, ತಟ್ಟೆಯಿಂದ ಒಂದು ಬಿದ್ದಿದೆ,” ಎಂದು ನಿರುಪಮಾ ಅದನ್ನೆತ್ತಿ ತರಕಾರಿಯ ನಡುವೆ ಇಟ್ಟಳು. ಭಟ್ಟರ ಮಂತ್ರದ ಸ್ಪೀಡೋ, ದೇವರೇ! ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈಯಿಂದಲೇ ದಾನದ ನೀರು ಬಿದ್ದಾಗಿತ್ತು. ತಟ್ಟೆ ಬರಿದಾಗಿ ಭಟ್ಟರ ಚೀಲ ತುಂಬಿತು.

ಎಪ್ಪತ್ತರ ಹಿರಿಯರಿಗೆ ನನ್ನ ಮಂಡಿನೋವು ದಾನ! ದಿನಕ್ಕೆ ಮೂರು ಮನೆಯಲ್ಲಿ ನೆಲದ ಮೇಲೆ ಕೂತು ಪೂಜೆ ಮಾಡಿಸುವವರು! ಈ ಪಾಪಕ್ಕೆ ಯಾವ ಗಂಗೆ ಸಾಕು?

ಎಲ್ಲರೂ ಊಟದಲ್ಲಿ ಮುಳುಗಿದ್ದಾಗ ಬಾಗಿಲ ಬಳಿಯಿದ್ದ ಚೀಲಕ್ಕೆ ಮೆಲ್ಲಗೆ ಕೈ ಹಾಕಿದೆ.

“ರೀ! ಭಟ್ಟರ ಚೀಲದಲ್ಲಿ ಏನ್ ಹುಡುಕ್ತಿದ್ದೀರಿ?”

ನಲವತ್ತು ಕಣ್ಣು ನನ್ನ ಮುಷ್ಟಿಯ ಮೇಲೆ.

“ಇದು… ನಂದು ಕಣೇ.”

“ಕೊಟ್ಟ ದಾನ ವಾಪಸ್ ತಗೋತೀರಾ? ಅದೂ ಒಂದು ಕೊಳೆತ ಆಲೂಗಡ್ಡೆಗೆ?”

ಭಟ್ಟರು ಕರಗಿಹೋದರು. “ಬೈಬೇಡಿ ತಾಯಿ. ಈಗ ಎಲ್ಲಾ ಕಡೆ ಲೇಆಫ್ ಅಂತೆ. ಮರ್ಯಾದಸ್ಥರು, ಬಾಯಿಬಿಟ್ಟು ಹೇಳ್ಕೊಳ್ಳೋಕಾಗುತ್ತಾ? ಯಜಮಾನರೇ, ಇವನ್ನೂ ಇಟ್ಕೊಳ್ಳಿ!” ಎಂದು ಉಳಿದ ಆಲೂಗಡ್ಡೆಗಳನ್ನೂ ನನ್ನ ಉತ್ತರೀಯಕ್ಕೆ ಸುರಿದರು.

ಮೂಲೆಯಲ್ಲಿ ಸಜ್ಜಿಗೆ ತಿನ್ನುತ್ತಿದ್ದ ಮಿಸೆಸ್ ಗ್ಯಾಲಗರ್ ಚಪ್ಪಾಳೆ ತಟ್ಟಿದರು. “ಕದ್ಯಾ? ಭೇಷ್! ಕದ್ದ ಆಲೂಗಡ್ಡೇನೇ ಚೆನ್ನಾಗಿ ಕೆಲಸ ಮಾಡೋದು. ಹೇಳೋಕೆ ಮರೆತಿದ್ದೆ!”

ನನ್ನ ಎರಡೂ ಮಂಡಿ ಅಲ್ಲೇ ಕುಸಿದವು. ನಿರುಪಮಾ ಮಡಿಸುವ ಕುರ್ಚಿ ತಂದು ಹಾಕಿದಳು.

ಫ್ಲೋರಲ್ ಪಾರ್ಕಿನ ಸಮಸ್ತ ಕನ್ನಡಿಗರೆದುರು, ಮಡಿಲಲ್ಲಿ ಏಳು ಆಲೂಗಡ್ಡೆ ಇಟ್ಟುಕೊಂಡು, ಕೂತೆ.